ಹಿಗ್ಗಿಸಿದ ಕಾಲುಂಗುರ

ಫೋನಿನಲ್ಲಿ ಮಾಲಾ ನಗುನಗುತ್ತ ಹೇಳಿದ ಒಂದು ಮಾತಿಗೆ ಸಾವಂತ್ರವ್ವನ ಮೈಯೆಲ್ಲ ಉರಿದುಹೋಯಿತು.

"ನಮ್ಮವ್ರು ಈಗ ಭಾಳ ತುಂಬಿಕೊಂಡಾರ, ವೈನಿ. ಕಾಲು ನೋಡಬೇಕ್ರಿ ನೀವು. ಹಳೇ ಚಪ್ಪಲಿ ಹಿಡಿಯವಲ್ವು. ಮೊನ್ನಿ ಸಂತ್ಯಾಗ ಒಂದು ನಂಬರ ದೊಡ್ಡವು ತಂದೇವಿ."

ಮಾಲಾ ಅವಳ ನಾದಿನಿ. ಹಿರೇಕೆರೂರಿನ ಮಗ್ಗುಲ ಹಳ್ಳಿಗೆ ಕೊಟ್ಟ ಹೆಣ್ಣು. 'ನಮ್ಮವ್ರು' ಎಂದರೆ ಅವಳ ಗಂಡ ಕೊಟ್ರೇಶ, ಊರೂರು ತಿರುಗಿ ಗೋವಿನಜೋಳದ ರಾಶಿ ಮಾಡಿಕೊಡುವ ಯಂತ್ರ ಇಟ್ಟುಕೊಂಡವನು. ಮೂವತ್ತು ದಾಟಿದ್ದರೆ ಹೆಚ್ಚು.

"ದಮ್ಮು ಹತ್ತತೈತೇನು?" ಎಂದು ಸಾವಂತ್ರವ್ವ ಕೇಳಿದಳು.

"ದಮ್ಮಲ್ಲರಿ, ಗ್ಯಾಸು. ಅಡ್ಡಾದ್ರ ಎದಿ ಒತ್ತತೈತಿ ಅಂತ ಗ್ವಾಡಿಗೆ ಆತು ಕುಂತ ನಿದ್ದಿ ಮಾಡ್ತಾರ. ಸೋಡಾ ಕುಡಿದು ತೇಗಿದ್ರ ಹಗುರಾಗ್ತೈತಿ."

"ಮಾಲಾ, ಅದು ಗ್ಯಾಸಲ್ಲ. ಇವತ್ತ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗು."

"ನಿಮಗ ಎಲ್ಲಾರಲ್ಲೂ ನಿಮ್ಮ ಬ್ಯಾನಿನ ಕಾಣತೈತಿ ಬಿಡ್ರಿ, ವೈನಿ. ನಿಮಗ ರಕ್ತ ಕಡಿಮಿ ಆಗಿ ಬಾವು ಬಂದಿತ್ತು. ಇವ್ರಿಗೇನಾಗೇತಿ, ಕಲ್ಲಿದ್ದಂಗ ಅದಾರ."

ಫೋನು ಇಟ್ಟ ಮೇಲೆ ಸಾವಂತ್ರವ್ವ ತನ್ನ ಬರಿಗಾಲನ್ನು ನೋಡಿಕೊಂಡಳು. ಎರಡು ವರ್ಷದ ಹಿಂದೆ ಈ ಕಾಲೂ ಹೀಗೇ 'ತುಂಬಿಕೊಂಡಿತ್ತು'. ಆಗ ಮನೆಯವರೆಲ್ಲ ಹಿಗ್ಗಿ ಕಾಲುಂಗುರ ದೊಡ್ಡದು ಮಾಡಿಸಿದ್ದರು. ರಕ್ತ ಕಡಿಮೆಯಾಗಿ ಬಾವು ಬಂತು ಎಂಬುದು ಆಮೇಲೆ ಹಿರೇಕೆರೂರಿನ ಬೀಗರಿಗೆಂದು ಕಟ್ಟಿದ ಕಥೆ. ಆ ಕಥೆ ಕಟ್ಟುವಾಗ ಸಾವಂತ್ರವ್ವನೂ ಬಾಯಿ ಮುಚ್ಚಿಕೊಂಡಿದ್ದಳು. ಈಗ ಅದೇ ಕಥೆ ನಂಬಿ ಮಾಲಾ ಗಂಡನಿಗೆ ಸೋಡಾ ಕುಡಿಸುತ್ತಿದ್ದಾಳೆ.

ಗಂಡನ ಊರು ದುಂಡಸಿಯಲ್ಲಿ ಸಾವಂತ್ರವ್ವನ ಸಿಟ್ಟು ಗೊತ್ತಿಲ್ಲದವರಿಲ್ಲ. ಹುಟ್ಟಿದ್ದು ತಿಳವಳ್ಳಿಯಲ್ಲಿ, ಭತ್ತದ ಗದ್ದೆಯ ಸೀಮೆ. ಮೂರು ಹೊತ್ತೂ ಅನ್ನ ಉಂಡು ಬೆಳೆದವಳು ಮದುವೆಯಾಗಿ ಬಂದಾಗ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. "ನಮ್ಮ ಸೊಸಿ ರೊಟ್ಟಿ ಮಾಡಿದ್ರ ಭಾರತದ ನಕಾಶಿ ಆಗ್ತೈತಿ" ಎಂದು ಅತ್ತೆ ಶಾರವ್ವ ಓಣಿಯ ಹೆಂಗಸರ ಮುಂದೆ ನಕ್ಕಿದ್ದಳು. ಆ ನಗುವಿನ ಸಿಟ್ಟಿಗೇ ಸಾವಂತ್ರವ್ವ ರೊಟ್ಟಿ ಕಲಿತಳು. ಹಠಕ್ಕೆ ಬಿದ್ದು ಎಷ್ಟು ಕಲಿತಳೆಂದರೆ, ಒಂದೆರಡು ವರ್ಷದಲ್ಲಿ ಶಿಗ್ಗಾಂವಿಯ ಖಾನಾವಳಿಗಳಿಗೆ ಅವಳ ಖಡಕ್ ರೊಟ್ಟಿಯೇ ಬೇಕಾಯಿತು. ಗಂಡ ಗೋಣೆಪ್ಪ ಟೆಂಪೊ ಓಡಿಸುವವನು. ಕಾಯಿಪಲ್ಲೆ ಹೇರುವ ಜೊತೆಗೆ ರೊಟ್ಟಿಯ ಗಂಟನ್ನೂ ಹೇರಿಕೊಂಡು ಹೋಗುತ್ತಿದ್ದ. ಓಣಿಯ ದಿಲ್ಶಾದ ಬಂದು ಹಂಚಿನ ಮುಂದೆ ಕೂತು ರೊಟ್ಟಿ ತಿರುವಿ ಹಾಕಿಕೊಡುತ್ತಿದ್ದಳು. ಇಬ್ಬರೂ ಕೂತರೆ ಪಟಪಟ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು ಎಂದು ಜನ ಹೇಳುವುದುಂಟು. ಅದು ಸ್ವಲ್ಪ ಹೆಚ್ಚಾಯಿತು, ಆದರೂ ಇರಲಿ.

ಎರಡನೆಯ ಅಲೆಯ ಬೇಸಿಗೆ ಬಂತು. ಅವರ ಓಣಿಯಲ್ಲಿ ಆ ಬೇಸಿಗೆ ಯಾರಿಗೂ ಕೊರೊನಾ ಬರಲಿಲ್ಲ. ಎಲ್ಲರಿಗೂ ಟೈಫಾಯ್ಡ್ ಬಂತು. ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ, ನಾಲಿಗೆಗೆ ಉಪ್ಪು ಖಾರ ತಿಳಿಯುತ್ತಿರಲಿಲ್ಲ, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿಯುತ್ತಿತ್ತು, ಆದರೂ ಟೈಫಾಯ್ಡೇ. ಊರಲ್ಲಿ ಡಾಕ್ಟರ್ ಅನ್ನಿಸಿಕೊಂಡವನೊಬ್ಬ ಮನೆಗೇ ಬಂದು, ಗೂಟಕ್ಕೆ ಸಲೈನ್ ಬಾಟಲಿ ತೂಗುಹಾಕಿ, ಟೈಫಾಯ್ಡ್ ಎಂದು ಹೇಳಿ ಹೋಗುತ್ತಿದ್ದ. ಹಾಗೆ ಹೇಳಲಿ ಎಂದೇ ಅವನನ್ನು ಕರೆಯುತ್ತಿದ್ದರು. ಕೊರೊನಾ ಎಂದರೆ ಓಣಿಗೆ ಬೇಲಿ ಬೀಳುತ್ತದೆ, ಆಂಬುಲೆನ್ಸು ಬರುತ್ತದೆ, ಹೋದವರ ಹೆಣವೂ ಕೈಗೆ ಸಿಗುವುದಿಲ್ಲ ಎಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆಗೆ ಬೇರೆ ಹೆಸರಿಟ್ಟ ಮಾತ್ರಕ್ಕೆ ಬೇನೆ ಬೇರೆಯಾಗುತ್ತದೆಯೆ?

ಶಾರವ್ವನ ಮನೆಯಲ್ಲಿ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಮಾಲಾಳ ಮದುವೆ ಗೊತ್ತಾಗಿತ್ತು. ಮೊದಲು ಎರಡು ಸಂಬಂಧ ಮುರಿದಿದ್ದವು. ಕೊಟ್ರೇಶನ ಮನೆಯವರು ಒಪ್ಪಿದ್ದೇ ದೊಡ್ಡದು. ಮದುವೆಗೆ ವಾರವಿರುವಾಗ ಸಾವಂತ್ರವ್ವನಿಗೆ ಜ್ವರ ಏರಿತು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು. ಶಾರವ್ವ ಹೊಸ್ತಿಲಿಗೆ ಅಡ್ಡ ನಿಂತು, "ನಮ್ಮ ಮನ್ಯಾಗ ಜ್ವರ ಇಲ್ಲವ್ವಾ, ಸೊಸಿಗೆ ಟೈಫಾಯ್ಡ್ ಆಗಿತ್ತು, ಬಿಟ್ಟೈತಿ" ಎಂದು ಅವಳನ್ನು ಹಾಗೇ ಕಳಿಸಿದಳು. ಒಳಗೆ ಸಾವಂತ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ತಡೆಯುತ್ತಿದ್ದಳು.

ಮೈ ಕಾವು ಇಳಿದ ಮರುದಿನವೇ ಅವಳನ್ನು ಒಲೆಯ ಮುಂದೆ ಕೂರಿಸಿದರು. ಸರಕಾರ ಹೇಳಿದಷ್ಟೇ ಜನರ, ಮನೆಯಂಗಳದ ಮದುವೆ. ಆದರೂ ಬೀಗರಿಗೆ ರೊಟ್ಟಿ ಬೇಕಲ್ಲ. ದಿಲ್ಶಾದಳ ಮನೆಯಲ್ಲೂ ಜ್ವರ, ಅವಳು ಬರುವಂತಿರಲಿಲ್ಲ. ಸಾವಂತ್ರವ್ವ ಒಬ್ಬಳೇ ಬಡಿದಳು. ಕಣ್ಣಿಗೆ ಕತ್ತಲೆ ಬಂದಾಗ ಗೋಡೆ ಹಿಡಿದು, ನೀರು ಕುಡಿದು, ಮತ್ತೆ ಬಡಿದಳು. ಎದೆ ಡವಗುಟ್ಟಿದ್ದನ್ನು ಹೇಳಿದರೆ, "ಜ್ವರದಾಗ ಸೊರಗಿದ್ಯಲ್ಲ, ಅದಕ್ಕ" ಎಂದಳು ಅತ್ತೆ. ಮದುವೆ ಚೆನ್ನಾಗಿ ಆಯಿತು. ಒಂದು ತಿಂಗಳೊಳಗೆ ಹಿರೇಕೆರೂರಿನಿಂದ ಸುದ್ದಿ ಬಂತು. ಕೊಟ್ರೇಶನ ಅಪ್ಪ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು. ಶಾರವ್ವ ಅಂದು ಮಣ್ಣಿಗೆ ಹೋಗಿ ಬಂದವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಯಾಕೆಂದು ಬಾಯಿ ಬಿಡಲೂ ಇಲ್ಲ.

ಆ ಮಳೆಗಾಲದಿಂದ ಸಾವಂತ್ರವ್ವನಿಗೆ ರೊಟ್ಟಿ ಬಡಿಯುವಾಗ ಉಸಿರು ಸಾಲದಾಯಿತು. ಜೊತೆಗೆ ಮೈ ತುಂಬಿತು. ಕಾಲುಂಗುರ ಒತ್ತತೊಡಗಿದಾಗ ಶಾರವ್ವ ಅವಳನ್ನು ಶಿಗ್ಗಾಂವಿಯ ಪತ್ತಾರ ಬಸವೇಶನ ಅಂಗಡಿಗೆ ಕರೆದುಕೊಂಡು ಹೋದಳು. ಅವನು ಬೆಳ್ಳಿಯ ಬಾಯಿ ಅಗಲಿಸಿ ಸಡಿಲು ಮಾಡಿಕೊಟ್ಟ. ಮತ್ತೆ ಒತ್ತಿತು, ಮತ್ತೆ ಹೋದರು. ಸೊಸೆಗೆ ಕಾಲುಂಗುರ ಹಿಡಿಯುತ್ತಿಲ್ಲ ಎಂಬುದನ್ನು ಶಾರವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ತಿಂದು ಉಂಡು ಸುಖವಾಗಿದ್ದಾಳೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಸಾವಂತ್ರವ್ವನಿಗೂ ಒಳಗೊಳಗೇ ಖುಷಿಯಾಗಿತ್ತು. ಈಗ ಅದನ್ನು ನೆನೆದರೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರುವುದು ತನ್ನ ಮೇಲೆಯೇ.

ದಮ್ಮು ಹೆಚ್ಚಾದಂತೆ ಊರ ಬಾಯಿಗೆ ಬೇರೆ ಕಾರಣ ಸಿಕ್ಕಿತು. "ಆಕಿ ಲಸಿಕಿ ಹಾಕಿಸ್ಕೊಂಡ್ಳಲ್ಲ, ಅದರಿಂದ" ಎಂದರು. ಸಾವಂತ್ರವ್ವ ಕಟ್ಟೆಯ ಮೇಲೆ ಕೂತವರ ಎದುರು ನಿಂತು ಕೇಳಿದಳು: "ಲಸಿಕಿ ಹಾಕಿಸ್ಕೊಂಡಿದ್ದು ಗಣಪತಿ ಹಬ್ಬ ಆದಮ್ಯಾಲೆ. ನನಗ ದಮ್ಮು ಹತ್ತಾಕತ್ತಿದ್ದು ಕಾರಹುಣ್ಣಿವಿಯಿಂದ. ಯಾವುದು ಮದಲ ಬರ್ತೈತಿ ಅನ್ನೂದಾದ್ರೂ ಗೊತ್ತೈತಿಲ್ಲೋ ನಿಮಗ?" ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಕೂತವರು ನಕ್ಕರು.

ಕಡೆಗೆ ನೋಡಿದವಳು ದಿಲ್ಶಾದ. ಒಂದು ಬೆಳಿಗ್ಗೆ ಬಂದಾಗ ಸಾವಂತ್ರವ್ವ ಗೋಡೆಗೆ ಒರಗಿ ಕೂತಿದ್ದಳು, ತುಟಿ ನೀಲಿ. ಕಾಲುಂಗುರಗಳು ಮಾಂಸದೊಳಗೆ ಹೂತುಹೋಗಿದ್ದವು, ಬೆರಳು ಕಪ್ಪಾಗಿತ್ತು. ದಿಲ್ಶಾದ ಮನೆಗೆ ಓಡಿ, ಸೈಕಲ್ ರಿಪೇರಿ ಮಾಡುವ ಗಂಡನ ತಂತಿ ಕತ್ತರಿಸುವ ಇಕ್ಕಳ ತಂದಳು.

ಶಾರವ್ವ ಅಡ್ಡ ಬಂದಳು. "ಗಂಡ ಇದ್ದಾಕಿ ಕಾಲುಂಗುರ ಕತ್ತರಸ್ತಾರೇನ? ನನ್ನ ಮಗನ ಆಯುಷ್ಯಕ್ಕ ಕತ್ತರಿ ಹಾಕ್ತೀ ಏನ ನೀ?"

"ನಿಮ್ಮ ಮಗನ ಆಯುಷ್ಯ ಗಟ್ಟಿ ಐತ್ರಿ, ಅಮ್ಮಾ. ಸೊಸಿದು ಹೋಗಾಕತ್ತೈತಿ. ಸರೀರಿ ಆಚೆ" ಎಂದಳು ದಿಲ್ಶಾದ. ಬೆಳ್ಳಿ ತುಂಡಾಗುವಾಗ ಸಾವಂತ್ರವ್ವ ಹಲ್ಲು ಕಚ್ಚಿ ಕೂತಿದ್ದಳು. ತುಂಡಾದ ಕಾಲುಂಗುರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅದೇ ದಿನ ಗೋಣೆಪ್ಪನ ಟೆಂಪೊದಲ್ಲಿ ಹುಬ್ಬಳ್ಳಿಗೆ ಹೋದರು.

ಹುಬ್ಬಳ್ಳಿಯ ಹೃದಯದ ಡಾಕ್ಟರು ಹೆಣ್ಣುಮಗಳು. ಎದೆಯ ಸ್ಕ್ಯಾನ್ ನೋಡಿ ಮೊದಲು ಕೇಳಿದ್ದೇ, "ಕೊರೊನಾ ಬಂದಿತ್ತೇನು?"

"ಇಲ್ಲರಿ, ಟೈಫಾಯ್ಡ್ ಬಂದಿತ್ತು" ಎಂದಳು ಶಾರವ್ವ.

ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಮಲಗಿದ್ದ ಸಾವಂತ್ರವ್ವನ ಸಿಟ್ಟು ನೆತ್ತಿಗೇರಿತು. ಸಾಯುವ ಹೊತ್ತಿನಲ್ಲೂ ಈ ಮುದುಕಿ ಅದನ್ನೇ ಹೇಳುತ್ತಾಳಲ್ಲ. "ಕೊರೊನಾನ ಬಂದಿತ್ತರಿ" ಎಂದಳು. "ಆಗ ಮನ್ಯಾಗ ಮದುವಿ ಇತ್ತು, ಮುಚ್ಚಿಟ್ರು. ಜ್ವರ ಬಿಟ್ಟ ಮರುದಿವಸ ನಾ ಒಲಿ ಮುಂದ ಕುಂತೆ."

ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಕೊರೊನಾ ಅಂದ್ರ ಬರೇ ಪುಪ್ಪುಸದ ಬ್ಯಾನಿ ಅಂತ ಎಲ್ಲಾರೂ ತಿಳಕೊಂಡಾರ. ಅದು ರಕ್ತನಾಳದ ಒಳಗಿನ ಪದರಕ್ಕೂ ಹತ್ತತೈತಿ. ನಾಳ ಬಾತು ಒಳಗ ರಕ್ತ ಹೆಪ್ಪುಗಟ್ಟತೈತಿ. ಆ ಹೆಪ್ಪು ಹೃದಯದ ನಾಳಕ್ಕ ಅಡ್ಡಾದ್ರ ಅಟ್ಯಾಕ್ ಆಗ್ತೈತಿ. ಜ್ವರ ಬಿಟ್ಟು ಕೆಲವು ವಾರ ಆದಮ್ಯಾಲೂ ಆಗಬಹುದು. ಇನ್ನ ಕೆಲವ್ರಿಗೆ ಹೃದಯದ ಸ್ನಾಯುನ ಬಾತು ಸೋತು ಬಿಡತೈತಿ. ರಕ್ತ ಮುಂದಕ್ಕ ದೂಡಾಕ ಅದಕ್ಕ ಶಕ್ತಿ ಸಾಲೂದಿಲ್ಲ. ಆಗ ನೀರು ಕಾಲಿಗೆ ಇಳೀತೈತಿ, ಪುಪ್ಪುಸದಾಗ ತುಂಬತೈತಿ. ನಿಮ್ಮ ಸೊಸಿ ಮೈ ತುಂಬಿಕೊಂಡಿದ್ದಲ್ಲ ಇದು, ನೀರು ತುಂಬಿಕೊಂಡಿದ್ದು. ಕೊರೊನಾದಿಂದನ ಆತು ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ. ಆದ್ರ ಹೃದಯಕ್ಕ ಬಾವು ಇದ್ದಾಗ ಮೈಮುರಿದು ದುಡಿದ್ರ ಪೆಟ್ಟು ಹೆಚ್ಚಾಗ್ತೈತಿ. ಮದಲ ಬಂದಿದ್ರ ಇಷ್ಟಕ್ಕ ಬರ್ತಿರಲಿಲ್ಲ."

ಜ್ವರ ಬಿಟ್ಟು ಕೆಲವು ವಾರ ಆದಮೇಲೂ ಎಂಬ ಮಾತು ಕೇಳಿದ ಶಾರವ್ವನ ಕಣ್ಣ ಮುಂದೆ ಬಂದವನು ಹೊಲದ ಬದುವಿನ ಮೇಲೆ ಕೂತ ಬೀಗ. ಊರಿಗೆ ಮರಳುವಾಗ ಟೆಂಪೊದಲ್ಲಿ ಅತ್ತೆ ಸೊಸೆಯ ಕೈ ಹಿಡಿದುಕೊಂಡಳು. "ಹಿರೇಕೆರೂರಿನವ್ರಿಗೆ ಇದು ಗೊತ್ತಾಗಬಾರದವ್ವಾ. ಜ್ವರದ ಮನಿಗೆ ಅವ್ರನ್ನ ಕರಿಸಿ ಮದುವಿ ಮಾಡಿ, ನಾವ ಕೊಂದಂಗ ಆಗ್ತೈತಿ. ಮಾಲಾಂದು ಬಾಳೇವು ಉಳೀಬೇಕಂದ್ರ ಬಾಯಿ ಬಿಡಬ್ಯಾಡ." ಮಾಲಾಳ ಬಾಳು ನೆನೆದು ಸಾವಂತ್ರವ್ವ ಒಪ್ಪಿಕೊಂಡಳು. ಒಲೆ ಬಿಟ್ಟಳು, ಉಪ್ಪು ಬಿಟ್ಟಳು, ಗುಳಿಗೆ ನುಂಗಿದಳು. ವರ್ಷ ಕಳೆಯುವಷ್ಟರಲ್ಲಿ ಬಾವು ಇಳಿಯಿತು. ರೊಟ್ಟಿ ಬಡಿಯುವ ಕೆಲಸ ದಿಲ್ಶಾದಳ ಪಾಲಿಗೆ ಬಂತು, ಸಾವಂತ್ರವ್ವ ರೊಟ್ಟಿ ಎಣಿಸಿ ಗಂಟು ಕಟ್ಟುವವಳಾದಳು. ಕಾಲುಂಗುರ ಮತ್ತೆ ಮಾಡಿಸಿಕೊಳ್ಳಲಿಲ್ಲ. ಅತ್ತೆಯೂ ಕೇಳುವ ಧೈರ್ಯ ಮಾಡಲಿಲ್ಲ.

ಹಾಗೆ ನುಂಗಿಕೊಂಡಿದ್ದ ಮಾತು ಈಗ ಮಾಲಾಳ ಹೊಸ ಚಪ್ಪಲಿಯಾಗಿ ಎದುರು ನಿಂತಿತ್ತು.

"ನಾ ಹಿರೇಕೆರೂರಿಗೆ ಹೊಂಟೇನಿ" ಎಂದಳು ಸಾವಂತ್ರವ್ವ. ಗೋಣೆಪ್ಪ ಉಣ್ಣುತ್ತಿದ್ದವನು ಕೈ ತಡೆದ.

"ಹೋಗಿ ಏನ್ ಹೇಳಾಕಿ? ದವಾಖಾನಿಗೆ ಹೋಗು ಅಂತ ಫೋನಿನ್ಯಾಗ ಹೇಳಿದ್ರ ಆತಲ್ಲ."

"ಹೇಳಿದೆ. ನಕ್ಕಳು. ಖರೇ ಹೇಳದ ಅವ್ರು ನಂಬೂದಿಲ್ಲ. ಅಲ್ಲಿ ಡಾಕ್ಟರ್ ಕೇಳಿದ್ರೂ ಕೊರೊನಾ ಬಂದಿಲ್ಲ ಅಂತಾರ, ಗ್ಯಾಸಿನ ಗುಳಿಗಿ ತೊಗೊಂಡು ಬರ್ತಾರ."

"ಖರೇ ಹೇಳಿದ್ರ ಮಾಲಾನ್ನ ಮನಿಗೆ ಕಳಸ್ತಾರ, ತಿಳಿತೈತಿಲ್ಲ ನಿನಗ?"

"ಕಳಿಸಿದ್ರ ಈ ಮನ್ಯಾಗ ಆಕಿಗೆ ರೊಟ್ಟಿ ಐತಿ. ಗಂಡನ್ನ ಕಳಕೊಂಡು ಬಂದ್ರ ಏನ್ ಕೊಡವ್ರು ನೀವು?"

ಗೋಣೆಪ್ಪ ತಾಟು ಸರಿಸಿ ಎದ್ದ. ಟೆಂಪೊ ತರುವುದಿಲ್ಲ ಎಂದಷ್ಟೇ ಹೇಳಿದ. ಶಾರವ್ವ ಬಾಗಿಲಿಗೆ ಅಡ್ಡ ನಿಂತಳು. ಅಂದು ಆಶಾ ಕಾರ್ಯಕರ್ತೆಯನ್ನು ತಡೆದ ಅದೇ ಹೊಸ್ತಿಲು. "ಈ ಬಾಗಿಲದಾಗ ನೀವು ಒಮ್ಮೆ ನಿಂತಿದ್ದಕ್ಕ ನನ್ನ ಎದಿ ಹಾಳಾತು, ಅತ್ತಿ. ಇನ್ನೊಮ್ಮೆ ನಿಂತು ಅಳಿಯನ್ನ ತಿನಬ್ಯಾಡ್ರಿ" ಎಂದಳು ಸೊಸೆ. ಅಷ್ಟು ಕಟುವಾಗಿ ಅವಳು ಅತ್ತೆಗೆ ಎಂದೂ ಮಾತಾಡಿರಲಿಲ್ಲ. ಮುದುಕಿ ಸರಿದು ನಿಂತಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರುವ ಕಾಲ, ಗಂಡನ ಮುಂದೆ ಕೈಚಾಚುವ ಅಗತ್ಯವೂ ಇರಲಿಲ್ಲ. ಆಧಾರ್ ಕಾರ್ಡು, ಗುಳಿಗೆ, ಸೆರಗಿಗೆ ಮತ್ತೆ ಗಂಟು ಹಾಕಿಕೊಂಡ ತುಂಡು ಕಾಲುಂಗುರ, ಇಷ್ಟೇ ಹಿಡಿದು ಹೊರಟಳು.

ಬಸ್ಸು ಬದಲಿಸಿ ಬದಲಿಸಿ ಮಾಲಾಳ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಸಾವಂತ್ರವ್ವ ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಕೊಟ್ರೇಶ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. "ಬರ್ರಿ, ಅಕ್ಕಾರ" ಎನ್ನುವುದಕ್ಕೂ ಅವನಿಗೆ ಎರಡು ಉಸಿರು ಬೇಕಾಯಿತು. ಬಾಗಿಲ ಬಳಿ ಹೊಸ ಚಪ್ಪಲಿ ಇದ್ದವು. ಮಾಲಾ ತಂದ ನೀರಿನ ತಂಬಿಗೆಯನ್ನು ಸಾವಂತ್ರವ್ವ ಮುಟ್ಟಲಿಲ್ಲ. ನೆಟ್ಟಗೆ ಹೋಗಿ ಕೊಟ್ರೇಶನ ಮುಂದೆ ಕೂತು ಅವನ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಹಿರಿಯ ಹೆಂಗಸು ಕಾಲು ಮುಟ್ಟುವುದೆಂದರೇನು, ಅವನು ನಾಚಿ ಕಾಲು ಎಳೆದುಕೊಂಡ. ಹೆಬ್ಬೆರಳು ತೆಗೆದ ಜಾಗದಲ್ಲಿ ಗುಳಿ ಹಾಗೇ ಉಳಿಯಿತು. ಹಿಟ್ಟಿನ ಮುದ್ದೆಯಲ್ಲಿ ಬೆರಳು ಊರಿದಂತಿತ್ತು.

ಕೊಟ್ರೇಶನ ತಾಯಿ ಫಕ್ಕೀರವ್ವ ಅಡುಗೆಮನೆಯಿಂದ ಬಂದಳು. ಅವಳ ಹಿಂದಿನ ಗೋಡೆಯ ಮೇಲೆ ತೀರಿಹೋದ ಗಂಡನ ಫೋಟೊ. ಸಾವಂತ್ರವ್ವ ಸೆರಗಿನ ಗಂಟು ಬಿಚ್ಚಿ ತುಂಡಾದ ಕಾಲುಂಗುರವನ್ನು ನೆಲದ ಮೇಲಿಟ್ಟಳು.

"ಬೀಗ್ತಿ, ನನಗೂ ಹಿಂಗ ಕಾಲು ತುಂಬಿತ್ತು. ನಾವು ಕಾಲುಂಗುರ ಹಿಗ್ಗಸ್ಕೊಂತ ಹ್ವಾದ್ವಿ. ರಕ್ತ ಕಡಿಮಿ ಆಗಿದ್ದಲ್ಲ ನನಗ, ಹೃದಯ ಸೋತಿತ್ತು. ಕೊರೊನಾ ಆಗಿ ಸೋತಿತ್ತು. ನಿಮ್ಮ ಮಗನ ಮದುವಿ ದಿವಸ ನಮ್ಮ ಮನ್ಯಾಗ ಕೊರೊನಾ ಇತ್ತು. ಟೈಫಾಯ್ಡ್ ಅಂತ ಹೇಳಿ ನಿಮ್ಮ ಕಣ್ಣಿಗೆ ಮಣ್ಣೆರಚಿ ಮದುವಿ ಮಾಡಿದ್ವಿ. ಬೈಯೂದಿದ್ರ ನನ್ನ ಬೈರಿ, ಮಾಲಾನೂ ಟೈಫಾಯ್ಡ್ ಅಂತನ ನಂಬಿದ್ಳು. ಮದಲ ಇವ್ರನ್ನ ಹೃದಯದ ಡಾಕ್ಟರ ಕಡೆ ಕರ್ಕೊಂಡು ನಡೀರಿ."

ಮಾಲಾ ತಂಬಿಗೆ ಹಿಡಿದು ನಿಂತಲ್ಲೇ ನಿಂತಳು. ಫಕ್ಕೀರವ್ವ ಬೈಯಲಿಲ್ಲ. ಕಾಲುಂಗುರದ ತುಂಡನ್ನು ಎತ್ತಿ ನೋಡಿದಳು, ಮತ್ತೆ ಕೆಳಗಿಟ್ಟಳು. ಗಂಡನ ಫೋಟೊದ ಕಡೆ ತಿರುಗಲಿಲ್ಲ.

"ನಿಮ್ಮ ಮನಿಗೆ ಬರೂಕಿಂತ ಮದಲ ನಮ್ಮವ್ರಿಗೂ ಮೈ ಸುಡತಿತ್ತವ್ವಾ" ಎಂದಳು. "ಕೊಟ್ರೇಶಗೂ. ಗುಳಿಗಿ ನುಂಗಿಸಿ, ರುಮಾಲು ಸುತ್ತಿಸಿ ಕರ್ಕೊಂಡು ಬಂದಿದ್ವಿ. ಮದುವಿ ಮುಂದ ಹೋದ್ರ ನೀವು ಬ್ಯಾರೆ ಗಂಡು ನೋಡ್ತೀರಿ ಅಂತ. ನಾವೂ ಟೈಫಾಯ್ಡ್ ಅಂದ್ವಿ. ನೀ ಬ್ಯಾನಿ ಬಿದ್ದದ್ದು ಕೇಳಿದಾಗಿಂದ ನಮ್ಮಿಂದನ ನಿನಗ ಹತ್ತಿತೇನೋ ಅಂತ ಹೆದರಿ ಕುಂತೇನಿ ನಾನು."

ಬೈಸಿಕೊಳ್ಳಲು ಬಂದ ಸಾವಂತ್ರವ್ವನ ಎದುರು ಬೈಯುವವರೇ ಇರಲಿಲ್ಲ. ಎರಡೂ ಮನೆಯವರು ಜ್ವರವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು ಒಂದೇ ಹಂದರದಲ್ಲಿ ಕೂತಿದ್ದರು. ಒಬ್ಬರಿಗೊಬ್ಬರು ಕುಂಕುಮ ಹಚ್ಚಿದ್ದರು, ಸುಳ್ಳು ಹೇಳಿದ್ದರು, ತಾನು ಬಡಿದ ರೊಟ್ಟಿ ತಿಂದಿದ್ದರು. ಆಮೇಲೆ ಒಬ್ಬರಿಗೊಬ್ಬರು ಹೆದರಿಕೊಂಡೇ ಬದುಕಿದ್ದರು. ಆ ಹೆದರಿಕೆಯಲ್ಲಿ ಒಬ್ಬ ಮನುಷ್ಯ ಸತ್ತಿದ್ದ, ಒಬ್ಬಳು ಸಾಯಲು ಹೋಗಿ ಬಂದಿದ್ದಳು, ಇನ್ನೊಬ್ಬ ಇಲ್ಲೇ ಗೋಡೆಗೆ ಒರಗಿ ಉಸಿರು ಹುಡುಕುತ್ತಿದ್ದ. ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟೇ, ಹಿಂದೆಂದೂ ಬಂದಿರದಷ್ಟು ಸಿಟ್ಟು.

"ಅಳೂದು, ನೆನಸೂದು ಆಮ್ಯಾಲೆ ಮಾಡೂಣು. ಗಾಡಿ ಕರೀರಿ" ಎಂದಳು.

ಕೊಟ್ರೇಶನ ಕಾಲಿಗೆ ಹೊಸ ಚಪ್ಪಲಿಯೂ ಹಿಡಿಯಲಿಲ್ಲ. ಬರಿಗಾಲಲ್ಲೇ ಕಾರು ಹತ್ತಿದ. ಹುಬ್ಬಳ್ಳಿ ಮುಟ್ಟುವವರೆಗೆ ಮಾಲಾ ಅವನ ಬೆನ್ನಿಗೆ ತನ್ನ ಭುಜ ಕೊಟ್ಟು ಕೂತಿದ್ದಳು. ಸಾವಂತ್ರವ್ವನ ಜೊತೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಆಕ್ಸಿಜನ್ ಹಚ್ಚಿ ಒಳಗೆ ಕರೆದುಕೊಂಡು ಹೋದ ಮೇಲೆ ಶಾರವ್ವನ ಫೋನು ಬಂತು.

"ಹೇಳಿದೇನು?"

"ಹೇಳಿದೆ."

"ಏನಂದ್ರವ್ವಾ?"

"ಅವ್ರೂ ಟೈಫಾಯ್ಡ್ ಅಂದಿದ್ರಂತ, ಅತ್ತಿ."

ಆ ಕಡೆಯಿಂದ ಮುದುಕಿ ಅಳುವುದು ಕೇಳಿಸಿತು. ಸಾವಂತ್ರವ್ವ ಸಮಾಧಾನ ಹೇಳಲಿಲ್ಲ, ಫೋನನ್ನೂ ಇಡಲಿಲ್ಲ. ಒಳಗಿನಿಂದ ಕರೆದಾಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಫಕ್ಕೀರವ್ವನ ಹಿಂದೆ ಹೋದಳು.

ಡಾಕ್ಟರು ಅವರೇ, ಕುರ್ಚಿಯೂ ಅದೇ. ಕೊಟ್ರೇಶನ ಸ್ಕ್ಯಾನ್ ನೋಡಿ ತಲೆಯೆತ್ತಿ ಕೇಳಿದರು, "ಕೊರೊನಾ ಬಂದಿತ್ತೇನು ಇವ್ರಿಗೆ?"

ಎರಡು ವರ್ಷದ ರೂಢಿ. "ಇಲ್ಲರಿ, ಟೈ..." ಎಂದು ಫಕ್ಕೀರವ್ವನ ಬಾಯಿಂದ ಅರ್ಧ ಮಾತು ಹೊರಗೆ ಬಂದೇಬಿಟ್ಟಿತ್ತು. ಸಾವಂತ್ರವ್ವ ಅವಳ ಮುಖವನ್ನೇ ನೋಡಿದಳು. ಫಕ್ಕೀರವ್ವ ಬಾಯಿ ಮುಚ್ಚಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬಂದಿತ್ತರಿ" ಎಂದಳು. "ಇವಗೂ ಬಂದಿತ್ತು, ಇವ್ರಪ್ಪಗೂ ಬಂದಿತ್ತು. ನಮ್ಮವ್ರು ಅದರಾಗ ಹ್ವಾದ್ರು."